ಎಂಟು ಗುಬ್ಬಚ್ಚಿ, ಒಂದು ಹಳೇ ಟಿಪ್ಪಣಿ: ಸಲೀಂ ಅಲಿ ಬರೆದಿಟ್ಟದ್ದು ಇವತ್ತಿಗೂ ಯಾಕೆ ಬೇಕು?

ಮೊಬೈಲ್ ಟವರ್ ಬಂದ ಮೇಲೆ ಗುಬ್ಬಚ್ಚಿಗಳೆಲ್ಲ ಸತ್ತುಹೋದವು ಎನ್ನುವ ಮೆಸೇಜು ನಿಮ್ಮ ಫೋನಿಗೂ ಬಂದಿರುತ್ತದೆ. ನಮಗಂತೂ ವರ್ಷಕ್ಕೆ ನಾಲ್ಕೈದು ಸಲ ಬರುತ್ತದೆ. ಮಾರ್ಚ್ 20ರ ವಿಶ್ವ ಗುಬ್ಬಚ್ಚಿ ದಿನದ ಹಿಂದುಮುಂದೆ ತಪ್ಪುವುದೇ ಇಲ್ಲ. ಅದರ ಜೊತೆಗೆ ಇನ್ನೊಂದು ಕಥೆಯೂ ಓಡಾಡುತ್ತದೆ. ಸಲೀಂ ಅಲಿ ಎನ್ನುವ ಹುಡುಗ ಏರ್‌ಗನ್ನಿನಿಂದ ಗುಬ್ಬಿಯೊಂದನ್ನು ಹೊಡೆದನಂತೆ, ಸತ್ತ ಹಕ್ಕಿಯ ಹಳದಿ ಕತ್ತು ನೋಡಿ ಅತ್ತನಂತೆ, ಅಂದೇ ಬಂದೂಕು ಬಿಸಾಕಿ ಪಕ್ಷಿಗಳ ರಕ್ಷಕನಾದನಂತೆ.

ಎರಡನ್ನೂ ಪರೀಕ್ಷಿಸೋಣ ಎಂದು ಕೂತಾಗ ನಮಗೆ ಸಿಕ್ಕಿದ್ದು ಮೂರನೆಯದೇ ಒಂದು ಸಂಗತಿ. ಸುಮಾರು ಹತ್ತು ವರ್ಷದ ಹುಡುಗ ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದ ಒಂದು ಸಣ್ಣ ಟಿಪ್ಪಣಿ. ಅದರಲ್ಲಿ ಅಳು ಇಲ್ಲ, ಪಶ್ಚಾತ್ತಾಪ ಇಲ್ಲ. ಇರುವುದು ಲೆಕ್ಕ ಮಾತ್ರ.

ಅದಕ್ಕೆ ಹೋಗುವ ಮುಂಚೆ ನಮ್ಮದೇ ಒಂದು ಎಡವಟ್ಟು ಹೇಳಿಬಿಡುತ್ತೇವೆ, ಈ ಲೇಖನ ಹುಟ್ಟಿದ್ದೇ ಅದರಿಂದ. ಚಾಮರಾಜನಗರದಿಂದ ಸತ್ಯಮಂಗಲದ ಕಡೆ ಹೋಗುವ ಹೆದ್ದಾರಿಯಲ್ಲಿ ಪುಣಜನೂರು ಸಿಗುತ್ತದೆ. ಅಲ್ಲಿ ಅರಣ್ಯ ಇಲಾಖೆಯ ಚೆಕ್‌ಪೋಸ್ಟ್ ಇದೆ. ಅದನ್ನು ದಾಟಿದರೆ ಕಾಡು, ಕಾಡು ದಾಟಿದರೆ ತಮಿಳುನಾಡು. ಗಾಡಿ ನಿಂತಿದ್ದ ಐದು ನಿಮಿಷದಲ್ಲಿ ಬಾಲಕ್ಕೆ ಎರಡು ಉದ್ದನೆಯ ತಂತಿ ಸಿಕ್ಕಿಸಿ, ತುದಿಗೆ ಒಂದೊಂದು ಎಲೆ ಕಟ್ಟಿದಂತಿದ್ದ ಕಪ್ಪು ಹಕ್ಕಿಯೊಂದು ರಸ್ತೆ ಅಡ್ಡ ಹಾರಿತು. ಭೀಮರಾಜ. ಫೋಟೋ ಸಿಗಲಿಲ್ಲ. ಗ್ರೂಪಿನಲ್ಲಿ ಮೊನ್ನೆ ನೋಡಿದೆವು ಎಂದು ಹಾಕಿದೆವು. ಆರು ತಿಂಗಳಾದ ಮೇಲೆ ಪಕ್ಷಿ ಪಟ್ಟಿ ಮಾಡುವ ಸ್ನೇಹಿತರೊಬ್ಬರು ಯಾವ ದಿನ, ಎಷ್ಟು ಹೊತ್ತಿಗೆ, ಒಂದೇ ಇತ್ತೋ ಎರಡೋ ಎಂದು ಕೇಳಿದರು. ಗಾಡಿಯಲ್ಲಿದ್ದವರು ನಾಲ್ಕು ಜನ. ಒಬ್ಬರು ಬೇಸಿಗೆ ಎಂದರು, ಇನ್ನೊಬ್ಬರು ಮಳೆ ಬರುತ್ತಿತ್ತಲ್ಲ ಎಂದರು. ಎರಡು ಹಕ್ಕಿ ಇದ್ದವು ಎಂದು ಒಬ್ಬರು ಆಣೆ ಮಾಡಿದರು. ಆ ಭೀಮರಾಜ ಯಾವ ಲೆಕ್ಕಕ್ಕೂ ಸಿಗದೆ ಹೋಯಿತು.

ಅಷ್ಟೇನೂ ದೊಡ್ಡ ನಷ್ಟವಲ್ಲ ಅನ್ನಿಸಬಹುದು. ನಮಗೂ ಹಾಗೇ ಅನ್ನಿಸಿತ್ತು, ಸಲೀಂ ಅಲಿಯವರ ಬದುಕನ್ನು ಓದುವ ತನಕ.

ಖೇತವಾಡಿಯ ಲಾಯದಲ್ಲಿ

ಸಲೀಂ ಅಲಿ ಹುಟ್ಟಿದ್ದು 1896ರ ನವೆಂಬರ್ 12ರಂದು, ಮುಂಬೈಯಲ್ಲಿ. ವರ್ಷ ತುಂಬುವಾಗ ತಂದೆ ಹೋದರು, ಮೂರು ವರ್ಷಕ್ಕೆ ತಾಯಿಯೂ ಹೋದರು. ಖೇತವಾಡಿಯಲ್ಲಿದ್ದ ಸೋದರಮಾವ ಅಮೀರುದ್ದೀನ್ ತಯ್ಯಬ್ಜಿಯವರೇ ಮಕ್ಕಳನ್ನೆಲ್ಲ ಸಾಕಿದರು. ಮಾವನಿಗೆ ಬೇಟೆಯ ಹುಚ್ಚು. ಹುಡುಗನ ಕೈಗೂ ಒಂದು ಏರ್‌ಗನ್ ಬಂತು. ಆಗಿನ ಕಾಲದಲ್ಲಿ ಗುಬ್ಬಿ ಹೊಡೆಯುವುದು ಗೋಲಿ ಆಡಿದಷ್ಟೇ ಸಾಮಾನ್ಯ ಆಟ. ಹೊಡೆದದ್ದು ಅಡುಗೆಮನೆಗೂ ಹೋಗುತ್ತಿತ್ತು.

ಮನೆಯ ಕುದುರೆ ಲಾಯದ ಗೋಡೆಯಲ್ಲಿ ಒಂದು ತೂತು. ಅದರೊಳಗೆ ಹೆಣ್ಣು ಗುಬ್ಬಚ್ಚಿ ಮೊಟ್ಟೆಯ ಮೇಲೆ ಕೂತಿದೆ. ತೂತಿನ ಪಕ್ಕದ ಮೊಳೆಯ ಮೇಲೆ ಗಂಡು ಕಾವಲು. ಸಲೀಂ ಗಾಡಿಯ ಮರೆಯಲ್ಲಿ ನಿಂತು ಗಂಡನ್ನು ಹೊಡೆದ. ಸ್ವಲ್ಪ ಹೊತ್ತಿನಲ್ಲಿ ಅದೇ ಮೊಳೆಯ ಮೇಲೆ ಇನ್ನೊಂದು ಗಂಡು ಬಂದು ಕೂತಿತು. ಅದನ್ನೂ ಹೊಡೆದ. ಮತ್ತೊಂದು ಬಂತು. ಏಳು ದಿನದಲ್ಲಿ ಎಂಟು ಗಂಡು ಗುಬ್ಬಿಗಳು ಒಂದೇ ಮೊಳೆಯಿಂದ ಉರುಳಿದವು. ಪ್ರತಿ ಸಲವೂ ಹೆಣ್ಣಿಗೆ ಹೊಸ ಜೊತೆ ಸಿದ್ಧವಾಗಿತ್ತು.

ಹುಡುಗ ಅದನ್ನು ಬರೆದುಕೊಂಡ. 1906 ಅಥವಾ 1907ರ ಟಿಪ್ಪಣಿ ಅದು. ಸರಿಯಾದ ತಾರೀಖಿಲ್ಲ ಎನ್ನುವುದನ್ನು ನೀವು ಗಮನಿಸಿರಬಹುದು. ಮುಂದೆ ದೇಶದ ದೊಡ್ಡ ಪಕ್ಷಿ ವಿಜ್ಞಾನಿಯಾದವರ ಮೊದಲ ಟಿಪ್ಪಣಿಯಲ್ಲೇ ನಮ್ಮ ಪುಣಜನೂರಿನ ಎಡವಟ್ಟು ಅರ್ಧ ಇತ್ತೆಂದು ನಮಗೆ ಒಳಗೊಳಗೇ ಸಮಾಧಾನ ಆಗಿದ್ದು ಸುಳ್ಳಲ್ಲ.

ಅವನು ಬರೆದದ್ದು ವಿಜ್ಞಾನಕ್ಕಾಗಿ ಅಲ್ಲ, ತಾನೆಂಥ ಗುರಿಕಾರ ಎಂದು ತೋರಿಸಿಕೊಳ್ಳಲು. ದೊಡ್ಡವರಾದ ಮೇಲೆ ಸಲೀಂ ಅಲಿ ಇದನ್ನು ಮುಚ್ಚಿಡಲಿಲ್ಲ. ಬೇಟೆಯ ಬಡಾಯಿಗೆ ಬರೆದದ್ದು ಪಕ್ಷಿಗಳ ನಡವಳಿಕೆಯ ಬಗ್ಗೆ ಬೇರೇನನ್ನೋ ಹೇಳುತ್ತಿದೆ ಎಂದು ಗೊತ್ತಾದಾಗ ಅವರಿಗೆ ಆ ಟಿಪ್ಪಣಿಯ ಮೇಲೆ ಹೆಮ್ಮೆಯೇ ಇತ್ತು. ಹತ್ತಾರು ವರ್ಷಗಳ ನಂತರ ಅದು ಅಚ್ಚಾಯಿತು.

ಏನು ಹೇಳುತ್ತಿದೆ? ಗೂಡು, ಜೊತೆ ಸಿಗದ ಗಂಡುಗಳು ಸುತ್ತಮುತ್ತ ಯಾವಾಗಲೂ ಕಾಯುತ್ತಿರುತ್ತವೆ ಎಂದು. ನಮ್ಮ ಕಣ್ಣಿಗೆ ಬೀಳುವುದು ಗೂಡಿನ ಹತ್ತಿರ ಕೂತಿರುವ ಗಂಡು ಮಾತ್ರ. ಅದು ಜಾಗ ಖಾಲಿ ಮಾಡಿದ ಕ್ಷಣ ಸಾಲಿನಲ್ಲಿದ್ದದ್ದು ಒಳಗೆ ಬರುತ್ತದೆ. 1949ರಲ್ಲಿ ಅಮೆರಿಕದ ಮೇಯ್ನ್ ರಾಜ್ಯದಲ್ಲಿ ವಿಜ್ಞಾನಿಗಳು 40 ಎಕರೆ ಕಾಡಿನ ಹಾಡುಹಕ್ಕಿಗಳನ್ನು ತೆಗೆಯುತ್ತಾ ಹೋದರು. ಹಕ್ಕಿಗಳಿಲ್ಲದಿದ್ದರೆ ಮರ ತಿನ್ನುವ ಹುಳು ಎಷ್ಟು ಹೆಚ್ಚುತ್ತದೆ ಎಂದು ನೋಡುವುದು ಅವರ ಉದ್ದೇಶ. ಆದರೆ ಖಾಲಿಯಾದ ಜಾಗಕ್ಕೆ ಹೊಸ ಗಂಡುಗಳು ಬರುತ್ತಲೇ ಇದ್ದವು. ಮೊದಲು ಎಣಿಸಿದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ತೆಗೆದರೂ ಕಾಡು ಪೂರ್ತಿ ಖಾಲಿಯಾಗಲಿಲ್ಲ. ಇದೇ ಮಾತು ಅದಕ್ಕೂ 40 ವರ್ಷ ಹಿಂದೆ ಖೇತವಾಡಿಯ ಹುಡುಗನ ನೋಟ್‌ಬುಕ್ಕಿನಲ್ಲಿ ಇತ್ತು. ಅದರ ಅರ್ಥ ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೂ ಸಂಖ್ಯೆಯನ್ನು ಸರಿಯಾಗಿ ಬರೆದಿದ್ದ.

ಎಂಟು ಹಕ್ಕಿಗಳ ಸಾವು ಓದಲು ಹಿತವಲ್ಲ, ನಿಜ. ಆದರೆ ಫಾರ್ವರ್ಡ್ ಕಥೆಯಂತೆ ಅದಕ್ಕೊಂದು ಕಣ್ಣೀರು ಸೇರಿಸಿದ್ದರೆ ನಮಗೆ ಸಿಗುತ್ತಿದ್ದದ್ದು ನೀತಿಪಾಠ ಮಾತ್ರ.

ಹಳದಿ ಕತ್ತಿನ ಗುಬ್ಬಿ: ನಿಜ ಎಷ್ಟು, ಸುಳ್ಳು ಎಷ್ಟು?

ಇನ್ನು ಆ ಕಥೆಗೆ ಬರೋಣ. ಹಳದಿ ಕತ್ತಿನ ಗುಬ್ಬಿ ನಿಜ. 1908ರ ಸುಮಾರಿಗೆ ಹೊಡೆದ ಗುಬ್ಬಿಯೊಂದರ ಕತ್ತಿನಲ್ಲಿ ಹಳದಿ ಮಚ್ಚೆ ಇತ್ತು. ಮಾಮೂಲಿ ಮನೆಗುಬ್ಬಿಗೆ ಅದು ಇರುವುದಿಲ್ಲ. ಇದನ್ನು ತಿನ್ನಬಹುದೋ ಇಲ್ಲವೋ ಎಂಬ ಅನುಮಾನ ಬಂದು ಹುಡುಗ ಮಾವನ ಹತ್ತಿರ ಒಯ್ದ. ಮಾವನಿಗೂ ಗೊತ್ತಾಗಲಿಲ್ಲ. ಅವರು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯದರ್ಶಿ ಮಿಲ್ಲಾರ್ಡ್ ಎನ್ನುವ ದೊರೆಗೆ ಪತ್ರ ಬರೆದು ಕಳಿಸಿದರು. ಮಿಲ್ಲಾರ್ಡ್ ಹಕ್ಕಿಯ ಗುರುತು ಹೇಳಿದರು. ಆಮೇಲೆ ಬೀರುಗಳನ್ನು ತೆರೆದು ದೇಶದ ಮೂಲೆಮೂಲೆಯಿಂದ ತಂದು ಹದ ಮಾಡಿಟ್ಟ ಹಕ್ಕಿಗಳನ್ನು ತೋರಿಸಿದರು. ಓದಲು ಪುಸ್ತಕ ಕೊಟ್ಟರು. ಹಕ್ಕಿಯ ಚರ್ಮ ಬಿಡಿಸಿ ಹದ ಮಾಡುವುದನ್ನು, ಟಿಪ್ಪಣಿ ಇಡುವುದನ್ನು ಕಲಿಯುವ ದಾರಿ ಅಲ್ಲಿ ತೆರೆಯಿತು.

ಸುಳ್ಳು ಯಾವುದೆಂದರೆ ಬಂದೂಕು ಬಿಸಾಕಿದ್ದು. ಅವರು ಬಿಸಾಕಲಿಲ್ಲ. ಮುಂದೆ ಹೈದರಾಬಾದಿನಲ್ಲಿ, ತಿರುವಾಂಕೂರಿನಲ್ಲಿ, ನಮ್ಮ ಮೈಸೂರಿನಲ್ಲಿ ಸರ್ವೆ ಮಾಡುವಾಗಲೂ ಮಾದರಿಗಾಗಿ ಹಕ್ಕಿಗಳನ್ನು ಹೊಡೆದು ಸಂಗ್ರಹಿಸಿದರು. ಆಗ ಒಳ್ಳೆಯ ಕ್ಯಾಮೆರಾ ಇಲ್ಲ, ಧ್ವನಿಮುದ್ರಣ ಇಲ್ಲ, ಒಂದೇ ತರಹ ಕಾಣುವ ಎರಡು ಹಕ್ಕಿಗಳನ್ನು ಬೇರೆ ಮಾಡಲು ಅಳತೆಯೇ ಗತಿ. ಅಗತ್ಯ ಇದ್ದಷ್ಟು ಸಂಗ್ರಹ ಬೇಕೇ ಬೇಕೆಂದು ಅವರು ಕೊನೆಯವರೆಗೂ ವಾದಿಸಿದರು. ಇವತ್ತು ನಿಮಗೆ ಇದು ಒಪ್ಪಿಗೆ ಆಗದಿರಬಹುದು. ಆದರೆ ಅವರನ್ನು ಸಂತನನ್ನಾಗಿ ಮಾಡಿ ಹಂಚುವುದಕ್ಕಿಂತ ಇದ್ದ ಹಾಗೆ ತಿಳಿಯುವುದು ಮೇಲಲ್ಲವೇ?

ಇನ್ನೊಂದು ನಂಬಿಕೆಯೂ ಇದೆ, ಅವರು ಡಾಕ್ಟರೇಟ್ ಮಾಡಿದ ಪ್ರಾಣಿಶಾಸ್ತ್ರಜ್ಞ ಎಂದು. ಹೆಸರಿನ ಹಿಂದೆ ಇದ್ದ ಡಾಕ್ಟರ್, ಹೆಸರು ಮಾಡಿದ ಮೇಲೆ ವಿಶ್ವವಿದ್ಯಾಲಯಗಳು ಕೊಟ್ಟ ಗೌರವ. ಬಾಲ್ಯದಲ್ಲಿ ವಿಪರೀತ ತಲೆನೋವು, ಓದು ಆಗಾಗ ನಿಲ್ಲುತ್ತಿತ್ತು. 1913ರಲ್ಲಿ ಹೇಗೋ ಮೆಟ್ರಿಕ್ ದಾಟಿತು. ಕಾಲೇಜಿನಲ್ಲಿ ಲಾಗರಿದಮ್ ಕಾಟ ತಡೆಯಲಾಗದೆ ಬರ್ಮಾದ ತಾವೊಯ್‌ಗೆ ಹೋದರು. ಮನೆಯವರ ಟಂಗ್‌ಸ್ಟನ್ ಗಣಿ, ಮರದ ವ್ಯಾಪಾರ ನೋಡಿಕೊಳ್ಳುವುದು ನೆಪ, ಸುತ್ತಿದ್ದು ಕಾಡು. ವ್ಯಾಪಾರ ಕೈಹತ್ತಲಿಲ್ಲ. ವಾಪಸು ಬಂದು ವಾಣಿಜ್ಯದ ಕೋರ್ಸಿನ ಜೊತೆಗೆ ಪ್ರಾಣಿಶಾಸ್ತ್ರದ ಪಾಠ ಕೇಳಿದರು. 1918ರಲ್ಲಿ ತೆಹಮೀನಾ ಅವರೊಂದಿಗೆ ಮದುವೆ. 1926ರಲ್ಲಿ ಮುಂಬೈಯ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಮ್ಮಿನಲ್ಲಿ ಗೈಡ್ ಕೆಲಸ. ಅಲ್ಲಿಂದ ರಜೆ ಹಾಕಿ ಜರ್ಮನಿಗೆ ಹೋಗಿ, ಬರ್ಲಿನ್ನಿನಲ್ಲಿ ಎರ್ವಿನ್ ಸ್ಟ್ರೆಸೆಮಾನ್ ಎನ್ನುವ ದೊಡ್ಡ ಪಕ್ಷಿ ವಿಜ್ಞಾನಿಯ ಕೈಕೆಳಗೆ ಕಲಿತು 1930ರಲ್ಲಿ ಬಂದರೆ, ದುಡ್ಡಿಲ್ಲವೆಂದು ಆ ಗೈಡ್ ಹುದ್ದೆಯೇ ರದ್ದಾಗಿತ್ತು.

ಕೆಲಸ ಇಲ್ಲದ ಮಳೆಗಾಲ

ಮೂವತ್ಮೂರು ದಾಟಿದ ಗಂಡಸು, ಕೈಯಲ್ಲಿ ಪದವಿ ಇಲ್ಲ, ಸಂಬಳ ಇಲ್ಲ. ಗಂಡ ಹೆಂಡತಿ ಮುಂಬೈಯಿಂದ ಕೊಲ್ಲಿಯ ಆಚೆ ದಡದ ಕಿಹೀಮ್ ಎನ್ನುವ ಹಳ್ಳಿಯ ಮನೆಗೆ ಹೋದರು. ಮನೆ ಹತ್ತಿರದ ಮರಗಳಲ್ಲಿ ಗೀಜಗನ ಗೂಡುಗಳು ತೂಗಾಡುತ್ತಿದ್ದವು. ಸಲೀಂ ಅಲಿ ಒಂದು ಏಣಿ ನಿಲ್ಲಿಸಿ, ಮೇಲೆ ಮರೆ ಕಟ್ಟಿಕೊಂಡು, ದಿನಾ ಅದರೊಳಗೆ ಕೂತು ನೋಡಿದರು. ಯಾವ ಗೂಡು, ಯಾವ ಗಂಡು, ಇವತ್ತು ಎಷ್ಟು ನೇಯಿತು, ಯಾವ ಹೆಣ್ಣು ಬಂದು ಒಳಗೆ ಹೋಗಿ ನೋಡಿತು, ಒಪ್ಪಿತೋ ಬಿಟ್ಟು ಹೋಯಿತೋ. ಮಳೆಗಾಲ ಪೂರ್ತಿ ಇದೇ ಕೆಲಸ, ಇದೇ ಬರವಣಿಗೆ.

ಗೀಜಗನ ಗೂಡು ನೀವು ನೋಡಿರುತ್ತೀರಿ, ನಮ್ಮ ಚಾಮರಾಜನಗರ, ಗುಂಡ್ಲುಪೇಟೆ ಕಡೆ ತೆಂಗು, ಈಚಲು, ಬಾವಿಯ ಮೇಲಿನ ಜಾಲಿ ಮರಗಳಲ್ಲಿ ಈಗಲೂ ಕಾಣುತ್ತದೆ. ಗಂಡ ಹೆಂಡತಿ ಸೇರಿ ಕಟ್ಟುವ ಸುಖಸಂಸಾರದ ಗುರುತು ಎಂದು ಅದರ ಚಿತ್ರ ಮದುವೆ ವಾರ್ಷಿಕೋತ್ಸವದ ಶುಭಾಶಯಗಳಲ್ಲೂ ಬರುತ್ತದೆ. ಕಿಹೀಮಿನ ನೋಟ್‌ಬುಕ್ ಬೇರೆಯೇ ಹೇಳಿತು. ಗಂಡು ಅರ್ಧ ಗೂಡು ನೇಯ್ದು ನಿಲ್ಲಿಸುತ್ತದೆ. ಹೆಣ್ಣುಗಳ ಗುಂಪು ಮನೆ ನೋಡಲು ಬಂದಹಾಗೆ ಬರುತ್ತದೆ. ಒಂದು ಹೆಣ್ಣು ಒಪ್ಪಿಕೊಂಡು ಒಳಗೆ ಸೇರಿದರೆ ಮಾತ್ರ ಗಂಡು ಉಳಿದದ್ದನ್ನು ಮುಗಿಸುತ್ತದೆ. ಮೊಟ್ಟೆ ಇಟ್ಟ ಮೇಲೆ ಆ ಗಂಡು ಪಕ್ಕದಲ್ಲೇ ಎರಡನೆಯ ಗೂಡು ಶುರು ಮಾಡುತ್ತದೆ, ಎರಡನೆಯ ಹೆಂಡತಿಗಾಗಿ. ಹೀಗೆ ಒಂದೇ ಕಾಲದಲ್ಲಿ ಎರಡು ಮೂರು ಸಂಸಾರ. ಮರಿ ಸಾಕುವ ಹೊರೆ ಹೆಚ್ಚಾಗಿ ಹೆಣ್ಣಿನದು. ಯಾರೂ ಒಪ್ಪದ ಅರ್ಧ ಗೂಡುಗಳು ಹಾಗೇ ಉಳಿಯುತ್ತವೆ. ಮರದಲ್ಲಿ ಹೆಲ್ಮೆಟ್ಟಿನಂತೆ ತೂಗುವ ಅರೆಬರೆ ಗೂಡುಗಳ ಗುಟ್ಟು ಇದು. ಗಂಡು ಗೀಜಗ ಆಡಲು ಕಟ್ಟಿದ ಜೋಕಾಲಿ ಅವು ಎಂದು ನಮ್ಮಲ್ಲಿ ಕೆಲವರು ಹೇಳುವುದುಂಟು, ಅಲ್ಲ.

1931ರಲ್ಲಿ ಈ ಅಧ್ಯಯನ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಅವರಿಗೆ ಹೆಸರು ತಂದ ಮೊದಲ ಕೆಲಸ ಇದು. ಲ್ಯಾಬ್ ಇಲ್ಲ, ಅನುದಾನ ಇಲ್ಲ. ಏಣಿ, ಪೆನ್ಸಿಲ್ಲು, ಬೇಕಾದಷ್ಟು ಬಿಡುವು, ಮನೆ ನಡೆಸಿ ಜೊತೆ ನಿಂತ ಹೆಂಡತಿ. ಈ ಕೊನೆಯದನ್ನು ಬರೆಯುವವರು ಮರೆತುಬಿಡುತ್ತಾರೆ.

ಮತ್ತೆ ಭೀಮರಾಜನ ವಿಷಯ. ಅದರ ಬಾಲದ ತಂತಿಯ ತುದಿಯ ಗರಿ ದಂಡಕ್ಕೆ ಯಾವ ಬದಿಯಲ್ಲಿ ಕೂಡಿಕೊಂಡಿದೆ ಎನ್ನುವ ವಿಷಯದಲ್ಲಿ ಹಳೆಯ ಪುಸ್ತಕಗಳು ಹೇಳಿದ್ದು ತಪ್ಪು ಎಂದು 1929ರ ಸುಮಾರಿಗೆ ಸಲೀಂ ಅಲಿ ಒಂದು ಚಿಕ್ಕ ಟಿಪ್ಪಣಿ ಬರೆದರು. ಹ್ಯೂ ವಿಸ್ಲರ್ ಎನ್ನುವ ಇಂಗ್ಲಿಷ್ ತಜ್ಞರಿಗೆ ಸಿಟ್ಟು ಬಂತು. ಹೆಸರೇ ಕೇಳದ ಭಾರತೀಯನೊಬ್ಬ ತಪ್ಪು ಹುಡುಕುವುದೇ ಎಂಬ ಧಾಟಿಯಲ್ಲಿ ಸಂಪಾದಕರಿಗೆ ಪತ್ರ ಹೋಯಿತು. ಆದರೆ ವಿಸ್ಲರ್ ಪ್ರಾಮಾಣಿಕ ಮನುಷ್ಯ, ತಮ್ಮ ಹತ್ತಿರವಿದ್ದ ಹಕ್ಕಿಗಳನ್ನು ಮತ್ತೆ ತೆಗೆದು ನೋಡಿದರು. ತಪ್ಪು ತಮ್ಮದೇ ಎಂದು ಒಪ್ಪಿದರು. ಆಮೇಲೆ ಇಬ್ಬರೂ ಆಪ್ತರಾದರು. ಎದುರಿಗಿದ್ದ ಹಕ್ಕಿಯನ್ನು ನೋಡಿ ಬರೆದವರಿಗೆ, ಪುಸ್ತಕ ನೋಡಿ ಬರೆದವರ ಮುಂದೆ ಸಿಗುವ ಬಲ ಇದು. ಪುಣಜನೂರಿನಲ್ಲಿ ನಮ್ಮ ಎದುರು ಹಾರಿದ್ದೂ ಅದೇ ಜಾತಿಯ ಹಕ್ಕಿ, ನಾವು ಒಂದು ಸಾಲೂ ಬರೆಯಲಿಲ್ಲ.

ಮೈಸೂರಿಗೆ ಬಂದರು

1939 ಅವರ ಪಾಲಿಗೆ ಕೆಟ್ಟ ವರ್ಷ. ಒಂದು ಸಣ್ಣ ಆಪರೇಷನ್ನಿನ ನಂತರ ತೆಹಮೀನಾ ತೀರಿಕೊಂಡರು. ಮಕ್ಕಳಿರಲಿಲ್ಲ. ಅಕ್ಕ ಮತ್ತು ಭಾವನ ಮನೆ ಸೇರಿದ ಸಲೀಂ ಅಲಿ ಮತ್ತೆ ಕೆಲಸದೊಳಗೆ ಇಳಿದರು. ಮೈಸೂರು ಸಂಸ್ಥಾನದ ಪಕ್ಷಿ ಸರ್ವೆ ನಡೆದದ್ದು ಆಗಲೇ, 1939-40ರಲ್ಲಿ. ಬಿಳಿಗಿರಿರಂಗನ ಬೆಟ್ಟಗಳೂ ಆ ಸರ್ವೆಯಲ್ಲಿ ಸೇರಿದ್ದವು. ಪುಣಜನೂರು ಅರಣ್ಯ ವಲಯ ಇವತ್ತು ಅದೇ ಬೆಟ್ಟಸಾಲಿನ ಹೆಸರಿನ ಹುಲಿ ಸಂರಕ್ಷಿತ ಪ್ರದೇಶದ ಭಾಗ.

ಸರ್ವೆ ಎಂದರೆ ದಿನಾ ಒಂದೇ ಶಿಸ್ತು. ಬೆಳಕು ಹರಿಯುವ ಮುಂಚೆ ಹೊರಡುವುದು. ನೋಡಿದ್ದು, ಕೇಳಿದ್ದು, ಸಂಗ್ರಹಿಸಿದ್ದು ಎಲ್ಲವನ್ನೂ ಬರೆಯುವುದು. ಪ್ರತಿ ಹಕ್ಕಿಯ ಕಾಲಿಗೆ ಒಂದು ಚೀಟಿ, ಅದರಲ್ಲಿ ಜಾಗ, ತಾರೀಖು, ಗಂಡೋ ಹೆಣ್ಣೋ, ಮರಿ ಮಾಡುವ ಕಾಲವೋ ಅಲ್ಲವೋ ಎನ್ನುವ ವಿವರ. ಸಂಜೆಗೆ ಸುಸ್ತಾದರೂ ಚೀಟಿ ನಾಳೆಗೆ ಬಿಡುವಂತಿಲ್ಲ. ಹೀಗೆ ಕೂಡಿಸಿದ್ದು 1942-43ರಲ್ಲಿ ಮೈಸೂರಿನ ಹಕ್ಕಿಗಳು ಎಂಬ ಹೆಸರಿನಲ್ಲಿ ಕಂತುಕಂತಾಗಿ ಸೊಸೈಟಿಯ ಪತ್ರಿಕೆಯಲ್ಲಿ ಬಂತು. ಅದೇ ಹೊತ್ತಿಗೆ, 1940ರಲ್ಲಿ, ಶ್ರೀರಂಗಪಟ್ಟಣದ ಹತ್ತಿರ ಕಾವೇರಿಯ ನಡುಗಡ್ಡೆಗಳಲ್ಲಿ ಹಕ್ಕಿಗಳು ಸಾವಿರಗಟ್ಟಲೆ ಗೂಡು ಕಟ್ಟುವುದನ್ನು ನೋಡಿ, ಅದನ್ನು ಕಾಪಾಡಬೇಕೆಂದು ಮಹಾರಾಜರ ಮನವೊಲಿಸಿದರು. ನೀವು ದೋಣಿಯಲ್ಲಿ ಕೂತು ಸೆಲ್ಫಿ ತೆಗೆದುಕೊಂಡು ಬಂದ ರಂಗನತಿಟ್ಟು ಅದು.

1941ರಲ್ಲಿ ಬಂದ ಭಾರತದ ಹಕ್ಕಿಗಳ ಪುಸ್ತಕ, ಆಮೇಲೆ ಡಿಲ್ಲನ್ ರಿಪ್ಲೆ ಜೊತೆ 1968ರಿಂದ 1974ರವರೆಗೆ ಹೊರಬಂದ ಹತ್ತು ಸಂಪುಟಗಳು, 1958ರ ಪದ್ಮಭೂಷಣ, 1976ರ ಪದ್ಮವಿಭೂಷಣ, 1985ರಲ್ಲಿ ರಾಜ್ಯಸಭೆ, ಇವೆಲ್ಲ ನಿಮಗೆ ಎಲ್ಲಾದರೂ ಸಿಗುತ್ತವೆ. ಅಷ್ಟು ಸುಲಭಕ್ಕೆ ಸಿಗದ ಒಂದು ಮಾತು ಹೇಳುತ್ತೇವೆ: ಹಕ್ಕಿ ಬಿಟ್ಟರೆ ಅವರಿಗಿದ್ದ ಹುಚ್ಚು ಮೋಟಾರ್ ಸೈಕಲ್ಲು. 1950ರಲ್ಲಿ ಸ್ವೀಡನ್ನಿನ ಪಕ್ಷಿ ವಿಜ್ಞಾನಿಗಳ ಸಮ್ಮೇಳನಕ್ಕೆ ಹೋಗುವಾಗ ತಮ್ಮ ಸನ್‌ಬೀಮ್ ಬೈಕನ್ನು ಹಡಗಿನಲ್ಲಿ ಯೂರೋಪಿಗೆ ಸಾಗಿಸಿ, ಅಲ್ಲಿ ಓಡಿಸಿಕೊಂಡು ಹೋದರು. ಆಗ ವಯಸ್ಸು 53. ದಾರಿಯಲ್ಲಿ ಬಿದ್ದು ಪೆಟ್ಟೂ ಮಾಡಿಕೊಂಡರು.

1987ರ ಜೂನ್‌ನಲ್ಲಿ, 90ನೆಯ ವಯಸ್ಸಿನಲ್ಲಿ ಅವರು ಮುಂಬೈಯಲ್ಲಿ ತೀರಿಕೊಂಡರು. ಅವರ ಟಿಪ್ಪಣಿಗಳ ನಿಜವಾದ ಬೆಲೆ ಗೊತ್ತಾದದ್ದು ಅದಾದ ಮೇಲೆ.

ರಣಹದ್ದು ಎಲ್ಲಿ ಹೋಯಿತು?

ಬಿಳಿಬೆನ್ನಿನ ರಣಹದ್ದನ್ನು ಸಲೀಂ ಅಲಿ ತಮ್ಮ ಪುಸ್ತಕದಲ್ಲಿ ದೇಶದಲ್ಲೇ ತೀರಾ ಸಾಮಾನ್ಯವಾದ ಹದ್ದೆಂದು ದಾಖಲಿಸಿದ್ದರು. ನಿಮ್ಮ ತಾತ ಅಜ್ಜಿಯನ್ನು ಕೇಳಿದರೂ ಹೇಳುತ್ತಾರೆ, ದನ ಸತ್ತರೆ ಊರಾಚೆ ಹದ್ದುಗಳ ಸಂತೆಯೇ ಸೇರುತ್ತಿತ್ತು ಎಂದು. ತೊಂಬತ್ತರ ದಶಕದಲ್ಲಿ ಅವು ಇಲ್ಲವಾಗತೊಡಗಿದವು. ಹದಿನೈದೇ ವರ್ಷದಲ್ಲಿ ಈ ಜಾತಿ ಭಾರತದಲ್ಲಿ ಶೇಕಡಾ 99ಕ್ಕೂ ಹೆಚ್ಚು ಕಡಿಮೆಯಾಯಿತು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎನ್ನುವ ನೋವಿನ ಔಷಧ ಕಾರಣ ಎಂದು 2004ರಲ್ಲಿ ಗೊತ್ತಾಯಿತು. ಆ ಔಷಧ ಕೊಟ್ಟ ದನ ಸತ್ತು, ಅದನ್ನು ತಿಂದ ಹದ್ದಿನ ಮೂತ್ರಪಿಂಡ ಕೆಡುತ್ತಿತ್ತು. 2006ರಲ್ಲಿ ಭಾರತ ದನಗಳಿಗೆ ಅದರ ಬಳಕೆ ನಿಷೇಧಿಸಿತು. ಪುಣಜನೂರು ದಾಟಿ ಕೆಳಗೆ ಹೋದರೆ ಸಿಗುವ ಮೋಯಾರ್ ಕಣಿವೆ ದಕ್ಷಿಣದಲ್ಲಿ ರಣಹದ್ದು ಇನ್ನೂ ಉಳಿದಿರುವ ಕೆಲವೇ ಜಾಗಗಳಲ್ಲಿ ಒಂದು.

ಇಲ್ಲಿ ಒಂದು ಸಂಗತಿ ಗಮನಿಸಿ. ಹದ್ದು ಕಡಿಮೆಯಾಯಿತು ಎಂದು ಹೇಳಬೇಕಾದರೆ ಮುಂಚೆ ಎಷ್ಟಿತ್ತು ಎಂದು ಯಾರಾದರೂ ಬರೆದಿರಬೇಕು. ನೆನಪು ಆ ಕೆಲಸ ಮಾಡುವುದಿಲ್ಲ. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಗಗನನೌಕೆ ಸ್ಫೋಟವಾಯಿತು. ಸುದ್ದಿ ಕೇಳಿದಾಗ ಎಲ್ಲಿದ್ದಿರಿ, ಯಾರು ಹೇಳಿದರು ಎಂದು ಮಾರನೆಯ ದಿನವೇ ಉಲ್ರಿಕ್ ನೈಸರ್ ಎನ್ನುವ ಮನೋವಿಜ್ಞಾನಿ ವಿದ್ಯಾರ್ಥಿಗಳಿಂದ ಬರೆಸಿಕೊಂಡರು. ಎರಡೂವರೆ ವರ್ಷದ ನಂತರ ಅವರಲ್ಲಿ 44 ಜನರನ್ನು ಅದೇ ಪ್ರಶ್ನೆ ಕೇಳಿದಾಗ, 11 ಜನರ ಉತ್ತರ ಮುಖ್ಯ ಅಂಶಗಳಲ್ಲಿ ಒಂದೂ ಹೊಂದಲಿಲ್ಲ. ಹೊಂದದವರಿಗೂ ತಮ್ಮ ನೆನಪಿನ ಮೇಲೆ ಭಾರೀ ಭರವಸೆ ಇತ್ತು. ಪುಣಜನೂರಿನ ಎರಡು ಭೀಮರಾಜಗಳ ಬಗ್ಗೆ ಆಣೆ ಮಾಡಿದವರ ಮೇಲೆ ನಮಗೆ ಈಗ ಸಿಟ್ಟಿಲ್ಲ.

ಇಲ್ಲಿಗೆ ಬಂದಾಗ ಗುಬ್ಬಚ್ಚಿ ಮೆಸೇಜಿಗೆ ಉತ್ತರವೂ ಸಿಗುತ್ತದೆ. ಸಲೀಂ ಅಲಿ ಮಾಡಿದ್ದನ್ನು ಇವತ್ತು ಸಾವಿರಾರು ಸಾಮಾನ್ಯ ಜನ ಮೊಬೈಲಿನಲ್ಲಿ ಮಾಡುತ್ತಿದ್ದಾರೆ. ಟೀಚರುಗಳು, ಡ್ರೈವರುಗಳು, ಕಾಲೇಜು ಹುಡುಗರು ಇ-ಬರ್ಡ್ ಆ್ಯಪಿನಲ್ಲಿ ಜಾಗ, ಹೊತ್ತು, ಯಾವ ಹಕ್ಕಿ ಎಷ್ಟು ಎಂದು ಹಾಕುತ್ತಾರೆ. ಹೀಗೆ 15,500ರಷ್ಟು ಜನ ಬರೆದ ಒಂದು ಕೋಟಿಗೂ ಹೆಚ್ಚು ದಾಖಲೆಗಳನ್ನು ಇಟ್ಟುಕೊಂಡು 2020ರಲ್ಲಿ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ ಬಂತು. ಅದರ ಪ್ರಕಾರ ಮನೆಗುಬ್ಬಚ್ಚಿ ದೇಶದ ಒಟ್ಟು ಲೆಕ್ಕದಲ್ಲಿ 25 ವರ್ಷಗಳಿಂದ ಹೆಚ್ಚು ಕಡಿಮೆ ಸ್ಥಿರವಾಗಿದೆ. ದೊಡ್ಡ ನಗರಗಳಲ್ಲಿ ಕಡಿಮೆಯಾಗಿರುವುದು ನಿಜ. ಗೂಡಿಗೆ ಸಂದು ಸಿಗದ ಕಟ್ಟಡ, ಮರಿಗೆ ಹುಳು ಸಿಗದಿರುವುದು ಕಾರಣ ಇರಬಹುದು ಎನ್ನುತ್ತಾರೆ ತಜ್ಞರು. ಟವರಿನ ಅಲೆಗಳಿಂದಲೇ ಸತ್ತವು ಎನ್ನಲು ಗಟ್ಟಿ ಪುರಾವೆ ಸಿಕ್ಕಿಲ್ಲ. ಟವರ್ ಇರುವ ನಿಮ್ಮ ಊರಿನ ಕಿರಾಣಿ ಅಂಗಡಿ ಮುಂದೆ ಗುಬ್ಬಚ್ಚಿ ಇದೆಯೋ ಇಲ್ಲವೋ ನೀವೇ ಒಂದು ವಾರ ಎಣಿಸಿ ನೋಡಬಹುದು.

ಡೈರಿ ಎಂದ ಕೂಡಲೇ ಮನಸ್ಸಿನ ದುಃಖ ಬರೆದುಕೊಂಡರೆ ಬಿಪಿ, ಶುಗರ್ ಎಲ್ಲ ಇಳಿಯುತ್ತದೆ ಎನ್ನುವ ಮೆಸೇಜುಗಳೂ ಇವೆಯಲ್ಲ, ಅವನ್ನೂ ಕೇಳುತ್ತೀರಿ. 1986ರಲ್ಲಿ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ ಅವರು ವಿದ್ಯಾರ್ಥಿಗಳಿಂದ ನಾಲ್ಕು ದಿನ, ದಿನಕ್ಕೆ 15 ನಿಮಿಷ ಮನಸ್ಸಿಗೆ ನೋವಾದ ಘಟನೆಯ ಬಗ್ಗೆ ಬರೆಸಿದಾಗ, ಮುಂದಿನ ತಿಂಗಳುಗಳಲ್ಲಿ ಅವರು ಡಾಕ್ಟರ ಹತ್ತಿರ ಹೋಗುವುದು ಸ್ವಲ್ಪ ಕಡಿಮೆಯಾಯಿತು. 2006ರಲ್ಲಿ ಇಂಥ 146 ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ಲಾಭ ಇದೆ, ಆದರೆ ಸಣ್ಣದು ಎಂದು ಕಂಡಿತು. ಬರೆಯುವುದಕ್ಕೆ ಅಡ್ಡಿಯಿಲ್ಲ, ಮಾತ್ರೆ ಮಾತ್ರ ನಿಲ್ಲಿಸಬೇಡಿ. ಇನ್ನು ಮನಸ್ಸು ಬಿಚ್ಚಿ ಬರೆಯಲು ಬರುವುದಿಲ್ಲ, ಅಕ್ಷರ ಚೆನ್ನಾಗಿಲ್ಲ ಎಂದು ಡೈರಿ ಕೈಬಿಟ್ಟವರಿಗೆ ಖೇತವಾಡಿಯ ಹುಡುಗನ ದಾರಿ ಇದೆ. ಏನು ಕಂಡಿತು, ಎಷ್ಟು, ಎಲ್ಲಿ. ತಾರೀಖು ಮಾತ್ರ ಅವನಿಗಿಂತ ಸರಿಯಾಗಿ ಹಾಕಿ.

ಕಳೆದ ವಾರ ನಾವು ಮತ್ತೆ ಅದೇ ರಸ್ತೆಯಲ್ಲಿ ಹೋದೆವು, ಈ ಸಲ ಜೇಬಿನಲ್ಲಿ ಹತ್ತು ರೂಪಾಯಿಯ ನೋಟ್‌ಬುಕ್ ಇತ್ತು. ಪುಣಜನೂರು ಚೆಕ್‌ಪೋಸ್ಟಿನ ಬಳಿ ಬೆಳಿಗ್ಗೆ 7.20ರಿಂದ 7.40ರವರೆಗೆ ನಿಂತೆವು. ಮೋಡ, ಗಾಳಿ ಇಲ್ಲ. ಗೊರವಂಕ 6, ಕಾಗೆ 3, ಕೆಮ್ಮೀಸೆ ಪಿಕಳಾರ 2, ಗುಬ್ಬಚ್ಚಿ 4, ಅದರಲ್ಲಿ ಗಂಡು ಒಂದು. ಭೀಮರಾಜ ಕಾಣಲಿಲ್ಲ. ಅದನ್ನೂ ಬರೆದುಕೊಂಡೆವು.